ನಲವತ್ತಮೂರು ವರ್ಷ ಕೌನ್ಸಿಲರ್ ಆಗಿದ್ದ ಪ್ರೊಫೆಸರ್

ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಅಂತ ಯಾರನ್ನಾದರೂ ಆಸ್ಪತ್ರೆಗೆ ಸೇರಿಸಿದರೆ ಕೇಸ್ ಶೀಟಿನಲ್ಲಿ ಥ್ರಂಬೋಸಿಸ್ ಎಂದು ಬರೆಯುತ್ತಾರೆ. ಆ ಹೆಪ್ಪಿನ ತುಂಡು ಕಳಚಿಕೊಂಡು ಶ್ವಾಸಕೋಶಕ್ಕೆ ಹೋದರೆ ಎಂಬೋಲಿಸಂ. ರಕ್ತದ ಕ್ಯಾನ್ಸರ್ ಆದರೆ ಲ್ಯುಕೇಮಿಯಾ. ನಾವೆಲ್ಲ ಎಷ್ಟೋ ಸಲ ಕೇಳಿದ, ಕೇಳಿ ಹೆದರಿದ ಪದಗಳು. ಇವುಗಳಲ್ಲಿ ಎರಡಕ್ಕೆ ಹೆಸರಿಟ್ಟದ್ದು, ಇನ್ನೊಂದಕ್ಕೆ ಇಂದಿನ ಅರ್ಥ ಕೊಟ್ಟದ್ದು ಒಬ್ಬನೇ ವ್ಯಕ್ತಿ, ಜರ್ಮನಿಯ ಡಾ. ರುಡಾಲ್ಫ್ ವಿರ್ಚೊ. ಅವರ ಊರಿನವರು ಫಿರ್ಶೋ ಎನ್ನುತ್ತಾರೆ, ನಮ್ಮ ಮೆಡಿಕಲ್ ಕಾಲೇಜುಗಳಲ್ಲಿ ವಿರ್ಚೊ ಎಂದೇ ರೂಢಿ. ನಾವೂ ಹಾಗೆಯೇ ಕರೆಯೋಣ.

ವೈದ್ಯರಿಗೆ ಅವರ ಹೆಸರು ಚೆನ್ನಾಗಿ ಗೊತ್ತು. ಆದರೆ ಇದೇ ಪ್ರೊಫೆಸರ್ ಬರ್ಲಿನ್ ನಗರಸಭೆಯಲ್ಲಿ 43 ವರ್ಷ ಕೌನ್ಸಿಲರ್ ಆಗಿದ್ದರು, ಚರಂಡಿ, ಕಸಾಯಿಖಾನೆ, ಸರಕಾರಿ ಆಸ್ಪತ್ರೆ ಅಂತ ತಲೆ ಕೆಡಿಸಿಕೊಂಡು ಸಾಯುವವರೆಗೂ ಆ ಕುರ್ಚಿ ಬಿಡಲಿಲ್ಲ ಎನ್ನುವುದು ವೈದ್ಯರಲ್ಲೇ ಹೆಚ್ಚಿನವರಿಗೆ ತಿಳಿದಿರಲಿಕ್ಕಿಲ್ಲ.

ವಿರ್ಚೊ ಹುಟ್ಟಿದ್ದು 1821ರ ಅಕ್ಟೋಬರ್ 13ರಂದು, ಪ್ರಷ್ಯಾದ ಪೊಮೆರೇನಿಯಾ ಪ್ರಾಂತ್ಯದ ಶಿವೆಲ್ಬೈನ್ ಎಂಬ ಸಣ್ಣ ಪೇಟೆಯಲ್ಲಿ. ಆ ಊರು ಇವತ್ತು ಪೋಲೆಂಡಿನಲ್ಲಿದೆ. ತಂದೆ ಸಣ್ಣ ಕೃಷಿಕ, ಜೊತೆಗೆ ಪುರಸಭೆಯ ಖಜಾಂಚಿ. ಒಬ್ಬನೇ ಮಗ. ಓದಿನಲ್ಲಿ ಚುರುಕು, ಮನೆಯಲ್ಲಿ ದುಡ್ಡಿನ ಅಡಚಣೆ. ಹಾಗಾಗಿ 1839ರಲ್ಲಿ ಬರ್ಲಿನಿನ ಸೈನಿಕ ವೈದ್ಯಕೀಯ ಸಂಸ್ಥೆಗೆ ಸೇರಿದರು. ಅಲ್ಲಿ ಓದು ಉಚಿತ, ಬದಲಿಗೆ ಸೈನ್ಯದಲ್ಲಿ ವೈದ್ಯನಾಗಿ ದುಡಿಯಬೇಕು. 1843ರಲ್ಲಿ ಡಾಕ್ಟರ್ ಪದವಿ ಸಿಕ್ಕಿತು. ಷಾರಿಟೆ ಆಸ್ಪತ್ರೆಯಲ್ಲಿ ಶವ ಕೊಯ್ದು ರೋಗದ ಕಾರಣ ಹುಡುಕುವ ಕೆಲಸ. 1847ರಲ್ಲಿ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳುವ ಅರ್ಹತೆಯೂ ದೊರೆಯಿತು. ಅದೇ ವರ್ಷ ಸ್ನೇಹಿತ ರೈನ್‌ಹಾರ್ಟ್ ಜೊತೆ ಸೇರಿ ಒಂದು ವೈದ್ಯಕೀಯ ಪತ್ರಿಕೆ ಶುರು ಮಾಡಿದರು. ಅದು ಇವತ್ತಿಗೂ ಅವರ ಹೆಸರಿನಲ್ಲಿ ಬರುತ್ತಿದೆ.

ಇಷ್ಟೇ ಆಗಿದ್ದರೆ ಒಬ್ಬ ಒಳ್ಳೆಯ ಪ್ರೊಫೆಸರನ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ 1848ರ ಫೆಬ್ರವರಿಯಲ್ಲಿ ಸರಕಾರ ಅವರನ್ನು ಅಪ್ಪರ್ ಸೈಲೀಸಿಯಾಕ್ಕೆ ಕಳುಹಿಸಿತು.

ಅಪ್ಪರ್ ಸೈಲೀಸಿಯಾ ಅಂದರೆ ಪ್ರಷ್ಯಾದ ಒಂದು ಮೂಲೆ. ರಾಜ್ಯದ ಭಾಷೆ ಜರ್ಮನ್, ಅಲ್ಲಿನ ಬಡವರ ಭಾಷೆ ಪೋಲಿಷ್. ರಾಜ್ಯದ ಧರ್ಮ ಪ್ರೊಟೆಸ್ಟಂಟ್, ಅಲ್ಲಿನವರು ಕ್ಯಾಥೋಲಿಕರು. ಭೂಮಿ ದೊಡ್ಡ ಜಮೀನ್ದಾರರದ್ದು. ಎರಡು ವರ್ಷದಿಂದ ಬೆಳೆ ಕೈಕೊಟ್ಟಿತ್ತು, ಆಲೂಗಡ್ಡೆ ಕೊಳೆತಿತ್ತು, ನೆರೆ ಬಂದಿತ್ತು. ಅದರ ಬೆನ್ನಿಗೇ ಟೈಫಸ್ ಜ್ವರ. (ಇದು ನಮ್ಮ ಟೈಫಾಯ್ಡ್ ಅಲ್ಲ, ಬೇರೆಯೇ ಕಾಯಿಲೆ.) ಸಾವಿರಾರು ಜನ ಸಾಯುತ್ತಿದ್ದರು. ಪತ್ರಿಕೆಗಳಲ್ಲಿ ಗಲಾಟೆಯಾದ ಮೇಲೆ ಸರಕಾರಕ್ಕೆ ಏನಾದರೂ ಮಾಡಿದ ಹಾಗೆ ಕಾಣಿಸಬೇಕಿತ್ತು. ಒಬ್ಬ ಹಿರಿಯ ಅಧಿಕಾರಿಯ ಜೊತೆ ಈ ಯುವ ವೈದ್ಯನನ್ನೂ ಕಳುಹಿಸಿದರು.

ಮೂರು ವಾರಕ್ಕೂ ಕಡಿಮೆ ಸಮಯ ಅವರು ಅಲ್ಲಿದ್ದದ್ದು. ರಿಬ್ನಿಕ್, ಪ್ಲೆಸ್ ಜಿಲ್ಲೆಗಳ ಗುಡಿಸಲುಗಳಿಗೆ ಹೋದರು. ಒಂದೇ ಕೋಣೆಯಲ್ಲಿ ಇಡೀ ಕುಟುಂಬ, ಅದರ ಜೊತೆಗೆ ಸಾಕುಪ್ರಾಣಿಗಳು. ಮಕ್ಕಳಿಗೆ ಹೊಟ್ಟೆಗಿಲ್ಲ. ವೈದ್ಯರು ಕಡಿಮೆ, ಇದ್ದವರಿಗೂ ರೋಗಿಯ ಭಾಷೆ ಬಾರದು. ಬರ್ಲಿನಿಗೆ ಮರಳಿ ಬಂದು ವಿರ್ಚೊ ಕೊಟ್ಟ ವರದಿ ಸರಕಾರ ನಿರೀಕ್ಷಿಸಿದ್ದಲ್ಲ. ಈ ಔಷಧ ಕೊಡಿ, ಆ ಕಷಾಯ ಕುಡಿಸಿ ಅಂತ ಬರೆದಿದ್ದರೆ ಫೈಲು ಮುಚ್ಚುತ್ತಿತ್ತು. ಅವರು ಬರೆದದ್ದೇ ಬೇರೆ. ಈ ರೋಗ ಹಬ್ಬಿದ್ದು ಹಸಿವು, ಅಜ್ಞಾನ, ದಬ್ಬಾಳಿಕೆಗಳಿಂದ. ಜನರಿಗೆ ಪೂರ್ಣ ಪ್ರಜಾಪ್ರಭುತ್ವ ಕೊಡಬೇಕು, ಶಾಲೆ ಕೊಡಬೇಕು, ಅವರ ಪೋಲಿಷ್ ಭಾಷೆಗೆ ಆಡಳಿತದಲ್ಲಿ ಸ್ಥಾನ ಕೊಡಬೇಕು, ರಸ್ತೆ ಮಾಡಬೇಕು, ತೆರಿಗೆಯ ಭಾರವನ್ನು ಬಡವರ ಹೆಗಲಿನಿಂದ ಶ್ರೀಮಂತರ ಹೆಗಲಿಗೆ ಹಾಕಬೇಕು ಎಂಬುದು ಅದರ ಸಾರ. ಅಧಿಕಾರಿಗಳನ್ನೂ ಜಮೀನ್ದಾರರನ್ನೂ ಬಿಡಲಿಲ್ಲ, ಜನರನ್ನು ವಿಧೇಯರನ್ನಾಗಿ ಇಟ್ಟಿದ್ದಾರೆ ಅಂತ ಪಾದ್ರಿಗಳನ್ನೂ ಬಿಡಲಿಲ್ಲ.

ಟೈಫಸ್ ಹರಡುವುದು ಹೇನಿನಿಂದ ಅಂತ ಗೊತ್ತಾದದ್ದು 1909ರಲ್ಲಿ. ವಿರ್ಚೊಗೆ ಅದು ತಿಳಿದಿರಲಿಲ್ಲ. ಆದರೂ ಅವರು ಬರೆದದ್ದು ಸುಳ್ಳಾಗಲಿಲ್ಲ ನೋಡಿ. ಹೇನು ಎಲ್ಲಿ ಸೇರುತ್ತದೆ? ಬಟ್ಟೆ ಬದಲಾಯಿಸಲು ಇನ್ನೊಂದು ಬಟ್ಟೆ ಇಲ್ಲದವನ ಮೈಯಲ್ಲಿ, ಹತ್ತು ಜನ ಒತ್ತಿ ಮಲಗುವ ಕೋಣೆಯಲ್ಲಿ. ರೋಗದ ಬೇರು ಹುಡುಕುತ್ತ ಹೋದರೆ ಕೊನೆಗೆ ಸರಕಾರದ ಬಾಗಿಲಿಗೇ ಬಂದು ನಿಲ್ಲಬೇಕಾಗುತ್ತದೆ ಎನ್ನುವುದನ್ನು ಅವರು ಕಲಿತದ್ದು ಅಲ್ಲಿ. ರಾಜಕೀಯಕ್ಕೆ ಬರಲು ಅವರಿಗೆ ಬೇರೆ ಕಾರಣ ಬೇಕಾಗಲಿಲ್ಲ.

ಅವರು ಮಾರ್ಚ್ 10ರ ಹೊತ್ತಿಗೆ ಬರ್ಲಿನಿಗೆ ವಾಪಸಾದರು. ಎಂಟು ದಿನದಲ್ಲಿ ಅಲ್ಲಿ ಕ್ರಾಂತಿ ಎದ್ದಿತು. ಬೀದಿಗೆ ಅಡ್ಡಗಟ್ಟೆ ಹಾಕಿದವರ ಸಾಲಿನಲ್ಲಿ ಈ ಅಧ್ಯಾಪಕರೂ ಇದ್ದರು. ಜುಲೈಯಿಂದ ವೈದ್ಯಕೀಯ ಸುಧಾರಣೆ ಎಂಬ ಅರ್ಥದ ಹೆಸರಿನ ವಾರಪತ್ರಿಕೆಯನ್ನೂ ಹೊರಡಿಸಿದರು. ವೈದ್ಯರೇ ಬಡವರ ಸಹಜ ವಕೀಲರು ಎನ್ನುವ ವಾದ ಅದರಲ್ಲಿತ್ತು. ಕ್ರಾಂತಿ ಸೋತಿತು. 1849ರ ಮಾರ್ಚ್ ಕೊನೆಗೆ ಅವರನ್ನು ಷಾರಿಟೆಯ ಕೆಲಸದಿಂದ ತೆಗೆದುಹಾಕಿದರು. ಪ್ರತಿಭಟನೆ ನಡೆದು ವಾಪಸು ತೆಗೆದುಕೊಂಡರೂ ಸವಲತ್ತುಗಳನ್ನು ಕಿತ್ತುಕೊಂಡರು. ಪತ್ರಿಕೆ ಜೂನ್‌ನಲ್ಲಿ ನಿಂತಿತು. ಬವೇರಿಯಾದ ವ್ಯೂರ್ತ್ಸ್‌ಬುರ್ಗ್ ವಿಶ್ವವಿದ್ಯಾನಿಲಯ ಪ್ರೊಫೆಸರ್ ಹುದ್ದೆಗೆ ಕರೆಯಿತು. ಇಲ್ಲಿ ರಾಜಕೀಯ ಮಾಡಬಾರದು ಎನ್ನುವ ಷರತ್ತು. ಒಪ್ಪಿ ಹೋದರು.

ಮುಂದಿನ ಏಳು ವರ್ಷ ಬಾಯಿ ಮುಚ್ಚಿ ಸೂಕ್ಷ್ಮದರ್ಶಕದ ಮುಂದೆ ಕುಳಿತರು. ವಿಜ್ಞಾನಕ್ಕೆ ಅದರಿಂದ ಲಾಭವೇ ಆಯಿತು. ಪ್ರತಿಯೊಂದು ಜೀವಕೋಶವೂ ಇನ್ನೊಂದು ಜೀವಕೋಶದಿಂದಲೇ ಹುಟ್ಟುತ್ತದೆ, ರೋಗವೆಂದರೆ ಜೀವಕೋಶಗಳ ಕೆಲಸ ಕೆಡುವುದು ಎಂಬ ತತ್ವ ಗಟ್ಟಿಯಾದದ್ದು ಆಗಲೇ. ಇವತ್ತು ಒಂದು ಗಂಟಿನ ತುಂಡು ತೆಗೆದು ಬಯಾಪ್ಸಿಗೆ ಕಳುಹಿಸುತ್ತಾರಲ್ಲ, ಅದರ ಹಿಂದಿರುವ ಯೋಚನೆ ಇದು. 1850ರಲ್ಲಿ ರೋಸ್ ಮೇಯರ್ ಜೊತೆ ಮದುವೆಯಾಯಿತು. 1856ರಲ್ಲಿ ಬರ್ಲಿನ್ ಮತ್ತೆ ಕರೆದಾಗ ನನಗೆ ಪ್ರತ್ಯೇಕ ರೋಗಶಾಸ್ತ್ರ ಸಂಸ್ಥೆ ಕಟ್ಟಿಸಿ ಕೊಡಿ ಅಂತ ಕೇಳಿ, ಗಿಟ್ಟಿಸಿಕೊಂಡೇ ಬಂದರು. 1858ರಲ್ಲಿ ಅವರ 20 ಉಪನ್ಯಾಸಗಳ ಪುಸ್ತಕ ಬಂದು ಹೆಸರು ಯುರೋಪಿನ ತುಂಬ ಹರಡಿತು. ವಯಸ್ಸು ಇನ್ನೂ ನಲವತ್ತಾಗಿಲ್ಲ. ಇನ್ನು ಕೆಣಕಲು ಸರಕಾರಕ್ಕೂ ಸ್ವಲ್ಪ ಯೋಚಿಸಬೇಕಾಗುವಷ್ಟು ದೊಡ್ಡವರಾಗಿದ್ದರು.

ಆಗ, 1859ರಲ್ಲಿ, ಅವರು ಆಯ್ದುಕೊಂಡ ಜಾಗ ನಗರಸಭೆ. ಪ್ರಸಿದ್ಧ ವಿಜ್ಞಾನಿ ವಾರ್ಡಿನ ರಾಜಕೀಯಕ್ಕೆ ಇಳಿಯುವುದೇ ಅಂತ ಮೂಗು ಮುರಿದವರು ಆಗಲೂ ಇದ್ದಿರಬಹುದು. ಆದರೆ ಬರ್ಲಿನಿನ ಅಂದಿನ ಸ್ಥಿತಿ ಕೇಳಿ. ಬೀದಿಯ ಎರಡೂ ಬದಿಗೆ ತೆರೆದ ಚರಂಡಿ. ಮನೆಯ ಹಿಂದೆ ಮಲದ ಗುಂಡಿ. ಗುಂಡಿ ತುಂಬಿದರೆ ಬಂಡಿಯಲ್ಲಿ ಹೊತ್ತು ಸಾಗಿಸಬೇಕು, ಇಲ್ಲವೇ ಸ್ಪ್ರೇ ನದಿಗೆ. ಬೇಸಿಗೆಯಲ್ಲಿ ನಾತ, ಮಳೆ ಬಂದರೆ ಚರಂಡಿಯದ್ದೆಲ್ಲ ಬೀದಿಗೆ. ಕಾರ್ಖಾನೆಗಳಿಗೆ ಕೆಲಸ ಹುಡುಕಿ ಬಂದ ಜನ ನೆಲಮಾಳಿಗೆಗಳಲ್ಲಿ ತುಂಬಿಕೊಂಡಿದ್ದರು. 1866ರಲ್ಲಿ ಕಾಲರಾ ಬಂದಾಗ ಆ ಒಂದೇ ನಗರದಲ್ಲಿ 5,000ಕ್ಕೂ ಹೆಚ್ಚು ಜನ ಸತ್ತರು.

ಒಳಚರಂಡಿ ಬೇಕು ಎನ್ನಲು ಯಾರ ಅಡ್ಡಿಯೂ ಇಲ್ಲ. ದುಡ್ಡು ಯಾರು ಕೊಡುವುದು ಎಂದಾಗ ಎಲ್ಲ ಶುರು. ನಮ್ಮ ಪಾಲಿಕೆಯ ಸಭೆಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬರ್ಲಿನಿನಲ್ಲಿ ಇನ್ನೊಂದು ತೊಡಕು. ತೆರಿಗೆ ಹೆಚ್ಚು ಕಟ್ಟಿದವನ ಓಟಿಗೆ ತೂಕ ಹೆಚ್ಚು ಎನ್ನುವ ಮೂರು ವರ್ಗದ ಮತದಾನ ಅಲ್ಲಿತ್ತು. ಅಲ್ಲದೆ ಕೌನ್ಸಿಲರ್‌ಗಳಲ್ಲಿ ಅರ್ಧದಷ್ಟು ಮಂದಿ ಮನೆ ಮಾಲಕರೇ ಆಗಿರಬೇಕೆಂದು ಕಾನೂನು. ಪೈಪು ಹಾಕಿದರೆ ಶುಲ್ಕ ಕಟ್ಟಬೇಕಾದವರೂ ಅವರೇ, ಪೈಪು ಬೇಕೋ ಬೇಡವೋ ಅಂತ ತೀರ್ಮಾನಿಸುವವರೂ ಅವರೇ! ಮಲವನ್ನು ಬಂಡಿಯಲ್ಲಿ ಸಾಗಿಸಿ ಗೊಬ್ಬರ ಮಾಡಬೇಕು, ನೀರಿನಲ್ಲಿ ಕೊಚ್ಚಿಬಿಟ್ಟರೆ ಹೊಲಕ್ಕೆ ನಷ್ಟ ಎಂದು ವಾದಿಸಿದವರೂ ಇದ್ದರು. ಎಲ್ಲವನ್ನೂ ಒಂದೇ ದೊಡ್ಡ ಕೊಳವೆಯಲ್ಲಿ ಊರಾಚೆ ಒಯ್ದು ಸ್ಪ್ರೇ ನದಿಗೇ ಬಿಡುವ ಯೋಜನೆಯೂ ಮೇಜಿನ ಮೇಲಿತ್ತು.

ಈ ವಿಷಯದ ಸಮಿತಿಯ ಹೊಣೆ ವಿರ್ಚೊ ಅವರ ಮೇಲೆ ಬಿತ್ತು. ಅವರು ಭಾಷಣ ಬಿಗಿಯಲಿಲ್ಲ, ಲೆಕ್ಕ ಹಾಕಿದರು. ಯಾವ ಬೀದಿಯಲ್ಲಿ ಎಷ್ಟು ಸಾವು, ಯಾವ ತಿಂಗಳಿನಲ್ಲಿ, ಎಷ್ಟು ಸಣ್ಣ ಮಕ್ಕಳು, ಅಂತರ್ಜಲ ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ, ಎಲ್ಲವನ್ನೂ ವರ್ಷಗಟ್ಟಲೆ ಸಂಗ್ರಹಿಸಿದರು. ಎಂಜಿನಿಯರ್ ಜೇಮ್ಸ್ ಹೋಬ್ರೆಖ್ಟ್ ತಯಾರಿಸಿದ ಯೋಜನೆಯನ್ನು ಬೆಂಬಲಿಸಿದರು. ನಗರವನ್ನು 12 ಭಾಗ ಮಾಡುವುದು, ಪ್ರತಿ ಭಾಗದ ಕೊಳಚೆ ತಗ್ಗಿನ ಒಂದು ಜಾಗಕ್ಕೆ ತಾನಾಗಿ ಹರಿದು ಬರುವ ಹಾಗೆ ಮಾಡುವುದು, ಅಲ್ಲಿಂದ ಹಬೆಯಂತ್ರದ ಪಂಪಿನಿಂದ ಊರ ಹೊರಗಿನ ಹೊಲಗಳಿಗೆ ಎತ್ತುವುದು. ನದಿಯೂ ಉಳಿಯಿತು, ಗೊಬ್ಬರವೂ ಹೊಲಕ್ಕೆ ಸೇರಿತು. 1873ರಲ್ಲಿ ನಗರಸಭೆ ಒಪ್ಪಿಗೆ ಕೊಟ್ಟಿತು. ಊರ ದಕ್ಷಿಣಕ್ಕೆ ಓಸ್ಡಾರ್ಫ್‌ನಲ್ಲಿ ಜಮೀನು ಖರೀದಿಸಿ ಕೊಳಚೆ ನೀರಿನ ತೋಟ ಮಾಡಿದರು. ಕೆಲಸ ಮುಗಿಯಲು ಇಪ್ಪತ್ತು ವರ್ಷ ಹಿಡಿಯಿತು. 1871ರಲ್ಲಿ 8 ಲಕ್ಷ ದಾಟಿದ್ದ ಜನಸಂಖ್ಯೆ 1900ರ ಹೊತ್ತಿಗೆ ಸುಮಾರು 19 ಲಕ್ಷಕ್ಕೆ ಏರಿತು. ಆದರೂ ಟೈಫಾಯ್ಡ್ ಸಾವು ಇಳಿಯುತ್ತಲೇ ಹೋಯಿತು.

ಆಸ್ಪತ್ರೆಯ ಕೆಲಸವೂ ಹೀಗೆಯೇ. ಷಾರಿಟೆ ಇದ್ದದ್ದು ಸರಕಾರದ ಕೈಯಲ್ಲಿ. ನಗರಕ್ಕೆ ಸ್ವಂತ ಆಸ್ಪತ್ರೆ ಬೇಕು ಅಂತ ಹಟ ಹಿಡಿದರು. 1874ರಲ್ಲಿ ಫ್ರೀಡ್ರಿಕ್ಸ್‌ಹೈನ್ ಆಸ್ಪತ್ರೆ ತೆರೆಯಿತು. ಗಾಳಿ ಬೆಳಕು ಬರುವ ಬೇರೆ ಬೇರೆ ಕಟ್ಟಡ, ನಡುವೆ ಮರಗಿಡ. 1890ರಲ್ಲಿ ಅರ್ಬನ್ ಆಸ್ಪತ್ರೆ.

ಮಾಂಸ ಪರೀಕ್ಷೆಯ ಕಥೆ ಬೇರೆ ರೀತಿಯದ್ದು. ಸರಿಯಾಗಿ ಬೇಯಿಸದ ಹಂದಿಮಾಂಸದಲ್ಲಿ ಟ್ರೈಕಿನೆಲ್ಲಾ ಎಂಬ ಕಣ್ಣಿಗೆ ಕಾಣದ ಹುಳು ಇರುತ್ತದೆ. ತಿಂದವನ ಸ್ನಾಯುಗಳಲ್ಲಿ ಅದು ಮನೆ ಮಾಡುತ್ತದೆ. ಜರ್ಮನ್ನರಿಗೆ ಹಂದಿಮಾಂಸ ನಿತ್ಯದ ಊಟ. 1865ರಲ್ಲಿ ಹೆಡೆರ್ಸ್‌ಲೇಬೆನ್ ಎಂಬ ಹಳ್ಳಿಯಲ್ಲಿ ಇದರಿಂದ ನೂರು ಜನ ಸತ್ತರು. ಹುಳುವಿನ ಜೀವನಚಕ್ರವನ್ನು ಬಿಡಿಸಿದವರಲ್ಲಿ ವಿರ್ಚೊ ಒಬ್ಬರು. ಕಡಿದ ಪ್ರತಿಯೊಂದು ಹಂದಿಯ ಮಾಂಸವನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಬೇಕು ಎಂದು ಅವರು ಹೇಳಿದಾಗ ಕಸಾಯಿಗಳಿಗೆ ಸಿಟ್ಟು ಬಂತು, ವ್ಯಾಪಾರ ಬಿತ್ತು. ಅವರು ಬಿಡಲಿಲ್ಲ. 1881ರಲ್ಲಿ ಬರ್ಲಿನಿನಲ್ಲಿ ನಗರಸಭೆಯದ್ದೇ ಕೇಂದ್ರ ಕಸಾಯಿಖಾನೆ ಬಂತು. ಇಡೀ ದೇಶಕ್ಕೆ ಮಾಂಸ ಪರೀಕ್ಷೆಯ ಕಾನೂನು ಬಂದದ್ದು 1900ರಲ್ಲಿ.

ಇದೆಲ್ಲ ಊರಿನ ರಾಜಕೀಯ. ದೊಡ್ಡ ರಾಜಕೀಯವೂ ಜೊತೆಗೇ ಸಾಗಿತ್ತು. 1861ರಲ್ಲಿ ಸ್ನೇಹಿತರೊಂದಿಗೆ ಸೇರಿ ಜರ್ಮನ್ ಪ್ರಗತಿ ಪಕ್ಷ ಕಟ್ಟಿದರು, ಪ್ರಷ್ಯಾದ ಶಾಸನಸಭೆಗೆ ಆರಿಸಿ ಬಂದರು. 1862ರಲ್ಲಿ ಬಿಸ್ಮಾರ್ಕ್ ಪ್ರಧಾನಿಯಾದರು. ಸೈನ್ಯಕ್ಕೆ ಹಣ ಬೇಕು ಎಂದು ರಾಜ ಕೇಳಿದ್ದನ್ನು ಶಾಸನಸಭೆ ಕೊಡಲಿಲ್ಲ. ಬಿಸ್ಮಾರ್ಕ್ ಬಜೆಟಿಗೆ ಒಪ್ಪಿಗೆ ಇಲ್ಲದೆಯೇ ನಾಲ್ಕು ವರ್ಷ ತೆರಿಗೆ ಎತ್ತಿ ಖರ್ಚು ಮಾಡಿದರು. ಅದನ್ನು ಸಭೆಯಲ್ಲಿ ಎದ್ದು ನಿಂತು ಕೇಳಿದವರಲ್ಲಿ ವಿರ್ಚೊ ಮುಂದಿನ ಸಾಲಿನವರು. 1865ರ ಜೂನ್‌ನಲ್ಲಿ ನೌಕಾಪಡೆಯ ಚರ್ಚೆ ನಡೆಯುವಾಗ ಬಿಸ್ಮಾರ್ಕ್ ಅವರ ಸತ್ಯಸಂಧತೆಯನ್ನೇ ಪ್ರಶ್ನಿಸಿಬಿಟ್ಟರು. ಬಿಸ್ಮಾರ್ಕ್ ದ್ವಂದ್ವಯುದ್ಧಕ್ಕೆ ಕರೆ ಕಳುಹಿಸಿದರು. ಆ ಕಾಲದಲ್ಲಿ ನಿರಾಕರಿಸಿದರೆ ಹೇಡಿ ಎಂಬ ಹೆಸರು. ವಿರ್ಚೊ ನಿರಾಕರಿಸಿದರು. ಶಾಸನಸಭೆಯ ಮಾತಿಗೆ ಪಿಸ್ತೂಲಿನಲ್ಲಿ ಉತ್ತರ ಕೊಡುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಆಯುಧ ಆರಿಸುವ ಹಕ್ಕು ಬಳಸಿ ಅವರು ಎರಡು ಸಾಸೇಜ್ ತಂದರು, ಒಂದರಲ್ಲಿ ಟ್ರೈಕಿನೆಲ್ಲಾ ತುಂಬಿತ್ತು, ನಿಮಗೆ ಬೇಕಾದ್ದು ನೀವು ತಿನ್ನಿ ಅಂದರು ಎಂಬ ಕಥೆ ಬಹಳ ಕಡೆ ಅಚ್ಚಾಗಿದೆ. ಕೇಳಲು ಚೆನ್ನ. ನಡೆದದ್ದಕ್ಕೆ ಆಧಾರವಿಲ್ಲ.

1869ರಲ್ಲಿ ಸೈನ್ಯದ ಖರ್ಚು ಇಳಿಸಿ, ನೆರೆ ರಾಷ್ಟ್ರಗಳೊಂದಿಗೆ ನಿಶ್ಶಸ್ತ್ರೀಕರಣದ ಮಾತು ಆಡಿ ಎಂದು ಗೊತ್ತುವಳಿ ತಂದರು. ಬಿದ್ದು ಹೋಯಿತು. ಮರುವರ್ಷವೇ ಫ್ರಾನ್ಸ್ ಜೊತೆ ಯುದ್ಧ. ಯುದ್ಧ ಬೇಡವೆಂದಿದ್ದ ವಿರ್ಚೊ ಗಾಯಾಳುಗಳನ್ನು ತರುವ ಆಸ್ಪತ್ರೆ ರೈಲನ್ನು ತಾವೇ ಮುಂದೆ ನಿಂತು ನಡೆಸಿದರು.

ಇಲ್ಲಿಯವರೆಗೆ ಹೊಗಳಿದ್ದಾಯಿತು. ಈಗ ಹೇಳಲೇಬೇಕಾದ ಇನ್ನೊಂದು ವಿಷಯವಿದೆ. 1871ರಲ್ಲಿ ಜರ್ಮನಿ ಒಂದಾದ ಮೇಲೆ ಬಿಸ್ಮಾರ್ಕ್ ಕ್ಯಾಥೋಲಿಕ್ ಚರ್ಚಿನ ಮೇಲೆ ಬಿದ್ದರು. ಜೆಸ್ವಿಟರನ್ನು ದೇಶದಿಂದ ಹೊರಹಾಕಿದರು, ಪಾದ್ರಿಗಳ ನೇಮಕವನ್ನು ಸರಕಾರದ ಹಿಡಿತಕ್ಕೆ ತಂದರು, ಬಗ್ಗದ ಬಿಷಪ್‌ಗಳನ್ನು ಜೈಲಿಗೆ ಹಾಕಿದರು. ಇದಕ್ಕೆ ಸಂಸ್ಕೃತಿಯ ಹೋರಾಟ ಎಂಬ ಅರ್ಥದ ಕುಲ್ಟೂರ್‌ಕಾಂಪ್ಫ್ ಎನ್ನುವ ಹೆಸರನ್ನು 1873ರ ಜನವರಿಯಲ್ಲಿ ಶಾಸನಸಭೆಯ ಭಾಷಣದಲ್ಲಿ ಹೇಳಿ ಎಲ್ಲರ ಬಾಯಿಗೆ ಹಾಕಿದವರು ಬೇರೆ ಯಾರೂ ಅಲ್ಲ, ಬಿಸ್ಮಾರ್ಕ್‌ನ ಹಳೆಯ ವೈರಿ ವಿರ್ಚೊ. ವಿಜ್ಞಾನಕ್ಕೂ ಶಾಲೆಗೂ ಪಾದ್ರಿಗಳ ಹಿಡಿತದಿಂದ ಬಿಡುಗಡೆ ಸಿಗುತ್ತದೆ ಎಂದು ಅವರು ನಂಬಿದ್ದರು. ಆದರೆ ಪೆಟ್ಟು ಬಿದ್ದದ್ದು ಯಾರಿಗೆ? ದೇಶದ ಅಲ್ಪಸಂಖ್ಯಾತರಿಗೆ. ಅವರಲ್ಲಿ ಅಪ್ಪರ್ ಸೈಲೀಸಿಯಾದ ಪೋಲಿಷ್ ಮಾತಾಡುವ ಕ್ಯಾಥೋಲಿಕರೂ ಇದ್ದರು. 1848ರಲ್ಲಿ ಯಾರ ಭಾಷೆಗೆ ಸ್ಥಾನ ಕೊಡಿ ಅಂತ ವಿರ್ಚೊ ವರದಿ ಬರೆದಿದ್ದರೋ ಅದೇ ಭಾಷೆಯನ್ನು ಆ ಮಕ್ಕಳ ಶಾಲೆಗಳಿಂದ ಹೊರಹಾಕುವ ಆದೇಶಗಳು ಬಂದದ್ದು ಇದೇ ವರ್ಷಗಳಲ್ಲಿ. ಒಂದು ಸಮುದಾಯದ ಗುರುಗಳ ಮೇಲಿನ ಸಿಟ್ಟನ್ನು ಸರಕಾರದ ಕೈಗೆ ಕೊಟ್ಟರೆ ಅದು ಆ ಸಮುದಾಯದ ಬಡವನ ಮನೆ ಬಾಗಿಲಿಗೆ ಬರುತ್ತದೆ ಎನ್ನುವುದು ಇಷ್ಟು ಬುದ್ಧಿವಂತರಿಗೆ ಹೊಳೆಯಲಿಲ್ಲವಲ್ಲ ಅಂತ ಬೇಸರವಾಗುತ್ತದೆ. ಬಿಸ್ಮಾರ್ಕ್ ತಮಗೆ ಬೇಕಾದಾಗ ಕ್ಯಾಥೋಲಿಕರ ಜೊತೆ ರಾಜಿ ಮಾಡಿಕೊಂಡರು. ಹೆಸರು ಮಾತ್ರ ವಿರ್ಚೊ ಅವರ ತಲೆಯ ಮೇಲೆ ಉಳಿಯಿತು.

ಯಹೂದಿಗಳ ವಿಷಯದಲ್ಲಿ ಅವರು ಎಡವಲಿಲ್ಲ. ಫ್ರಾನ್ಸಿನ ವಿದ್ವಾಂಸರೊಬ್ಬರು ಪ್ರಷ್ಯನ್ನರು ಜರ್ಮನ್ ಜನಾಂಗವೇ ಅಲ್ಲ ಎಂದು ಬರೆದದ್ದಕ್ಕೆ ಉತ್ತರವಾಗಿ ವಿರ್ಚೊ ದೇಶದ ಶಾಲೆಗಳಲ್ಲಿ ಒಂದು ಎಣಿಕೆ ನಡೆಸಿದರು. ಸುಮಾರು 67 ಲಕ್ಷ ಮಕ್ಕಳ ಕೂದಲು, ಕಣ್ಣು, ಚರ್ಮದ ಬಣ್ಣವನ್ನು ಶಿಕ್ಷಕರು ಬರೆದು ಕಳುಹಿಸಿದರು. ಹೊಂಗೂದಲು, ನೀಲಿ ಕಣ್ಣಿನ ಅಪ್ಪಟ ಜರ್ಮನ್ ಅಂತ ಹೇಳಿಕೊಳ್ಳುತ್ತಿದ್ದವರು ಮೂರರಲ್ಲಿ ಒಂದು ಪಾಲೂ ಇರಲಿಲ್ಲ. ಯಹೂದಿ ಮಕ್ಕಳಲ್ಲೂ ಶೇಕಡಾ 11ರಷ್ಟು ಮಂದಿ ಅದೇ ಬಣ್ಣದವರು. ರಾಷ್ಟ್ರ ಬೇರೆ, ರಕ್ತ ಬೇರೆ ಎನ್ನುವುದು ಇದರಿಂದ ಸ್ಪಷ್ಟವಾಯಿತು. ಆದರೆ ಯಹೂದಿ ಮಕ್ಕಳನ್ನು ಬೇರೆ ಪಟ್ಟಿಯಲ್ಲಿ ಎಣಿಸಿದ್ದೇ ಅವರನ್ನು ತರಗತಿಯಲ್ಲಿ ಎದ್ದು ಕಾಣುವ ಹಾಗೆ ಮಾಡಿತು ಎಂಬ ಆಕ್ಷೇಪವೂ ಇದೆ. ಅದನ್ನು ತಳ್ಳಿಹಾಕುವಂತಿಲ್ಲ. 1880ರಲ್ಲಿ ಯಹೂದಿಗಳ ಹಕ್ಕು ಕಿತ್ತುಕೊಳ್ಳಿ ಎಂಬ ಸಹಿ ಸಂಗ್ರಹ ಬರ್ಲಿನಿನಲ್ಲಿ ಜೋರಾಗಿ ನಡೆದಾಗ ಅದರ ವಿರುದ್ಧ ಗಣ್ಯರು ಹೊರಡಿಸಿದ ಹೇಳಿಕೆಗೆ ವಿರ್ಚೊ ಸಹಿ ಹಾಕಿದರು, ಶಾಸನಸಭೆಯಲ್ಲೂ ಮಾತಾಡಿದರು.

ಅದೇ ವರ್ಷ ಜರ್ಮನಿಯ ಸಂಸತ್ತು ರೈಖ್‌ಸ್ಟಾಗಿಗೆ ಆರಿಸಿ ಬಂದರು. 1893ರವರೆಗೆ ಅಲ್ಲಿದ್ದರು. ಅಲ್ಲಿ ಅವರು ದೊಡ್ಡ ಸಾಧನೆ ಮಾಡಿದರೆಂದು ಹೇಳಲಾರೆ. ಪಕ್ಷ ಕುಗ್ಗುತ್ತಿತ್ತು, ಕಾರ್ಮಿಕರು ಸಮಾಜವಾದಿಗಳ ಕಡೆ ಹೋಗುತ್ತಿದ್ದರು, ಬಿಸ್ಮಾರ್ಕ್ ಮುಂದೆ ಲಿಬರಲ್‌ಗಳ ಮಾತು ನಡೆಯುವ ಕಾಲವೂ ಅದಲ್ಲ.

ವಿಜ್ಞಾನದಲ್ಲೂ ವಯಸ್ಸಿನ ಜೊತೆ ಹಟ ಬೆಳೆಯಿತು. ನಿಯಾಂಡರ್ತಾಲ್ ಮಾನವನ ಎಲುಬನ್ನು ನೋಡಿ ರೋಗ ಬಂದ ಇತ್ತೀಚಿನ ಮನುಷ್ಯನದ್ದು ಎಂದರು, ತಪ್ಪಾಯಿತು. 1882ರಲ್ಲಿ ರಾಬರ್ಟ್ ಕಾಕ್ ಕ್ಷಯದ ರೋಗಾಣು ಕಂಡುಹಿಡಿದಾಗ ಬರ್ಲಿನ್ ಎಲ್ಲ ಕುಣಿಯಿತು, ವಿರ್ಚೊ ಕುಣಿಯಲಿಲ್ಲ. ರೋಗಾಣು ಇದೆ ಎಂದು ಒಪ್ಪಿದರೂ ರೋಗಕ್ಕೆ ಅದೊಂದೇ ಕಾರಣ ಎನ್ನಲು ಮನಸ್ಸು ಬರಲಿಲ್ಲ. ಇದರಲ್ಲಿ ಹಳೆಯ ಪ್ರೊಫೆಸರನ ಅಹಂಕಾರವೂ ಇದ್ದಿರಬಹುದು. ಆದರೆ ಸೈಲೀಸಿಯಾದ ಗುಡಿಸಲು ಕಂಡವರಿಗೆ ಎಲ್ಲ ತಪ್ಪೂ ಒಂದು ಕೀಟಾಣುವಿನದ್ದು, ಮನೆ ಮಾಲಕನದ್ದೂ ಅಲ್ಲ, ಸರಕಾರದ್ದೂ ಅಲ್ಲ ಎಂದು ಒಪ್ಪುವುದು ಕಷ್ಟವಾಗಿದ್ದರೆ ಆಶ್ಚರ್ಯವಿಲ್ಲ.

ಇಷ್ಟರ ನಡುವೆ ಪಾಠ ನಿಲ್ಲಿಸಲಿಲ್ಲ. ಬೆಳಗ್ಗೆ ವಿಶ್ವವಿದ್ಯಾನಿಲಯ, ಆಮೇಲೆ ಸಮಿತಿ, ಸಂಜೆ ಸಭೆ. 1879ರಲ್ಲಿ ತುರ್ಕಿಯ ನೆಲದಲ್ಲಿ ಟ್ರಾಯ್ ನಗರ ಅಗೆಯುತ್ತಿದ್ದ ಶ್ಲೀಮನ್ ಜೊತೆ ಇರಲು ಹೋದವರು ಅಲ್ಲೂ ಸುತ್ತಲಿನ ಹಳ್ಳಿಯವರಿಗೆ ಔಷಧ ಕೊಡುತ್ತ ಕುಳಿತರು. 1892ರಲ್ಲಿ ಬರ್ಲಿನ್ ವಿಶ್ವವಿದ್ಯಾನಿಲಯದ ರೆಕ್ಟರ್ ಆದರು. 1899ರಲ್ಲಿ 20,000ಕ್ಕೂ ಹೆಚ್ಚು ಮಾದರಿಗಳ ರೋಗಶಾಸ್ತ್ರ ಮ್ಯೂಸಿಯಂ ತೆರೆದರು. ಅವುಗಳಲ್ಲಿ ಹೆಚ್ಚಿನವು ತಾವೇ ಕೂಡಿಟ್ಟವು.

1902ರ ಜನವರಿ 4ರಂದು ಲೈಪ್ಜಿಗ್ ರಸ್ತೆಯಲ್ಲಿ ಚಲಿಸುತ್ತಿದ್ದ ಟ್ರಾಮಿನಿಂದ ಇಳಿಯಲು ಹಾರಿ ಬಿದ್ದರು. ಎಂಬತ್ತು ವರ್ಷದವರಿಗೆ ಯಾಕೆ ಬೇಕಿತ್ತು ಆ ಅವಸರ! ತೊಡೆ ಎಲುಬು ಮುರಿಯಿತು. ಮತ್ತೆ ಚೇತರಿಸಿಕೊಳ್ಳಲಿಲ್ಲ. ಸೆಪ್ಟೆಂಬರ್ 5ರಂದು ತೀರಿಕೊಂಡರು. ಸಾಯುವಾಗಲೂ ಕೌನ್ಸಿಲರ್. ಅಂತ್ಯಕ್ರಿಯೆಯ ಖರ್ಚನ್ನು ನಗರಸಭೆಯೇ ವಹಿಸಿತು. ಅವರಿದ್ದಾಗಲೇ ಕಟ್ಟಲು ಶುರು ಮಾಡಿದ್ದ ನಗರದ ಇನ್ನೊಂದು ದೊಡ್ಡ ಆಸ್ಪತ್ರೆ ಕಾರ್ಮಿಕರ ಬಡಾವಣೆಯಾದ ವೆಡಿಂಗ್‌ನಲ್ಲಿ 1906ರಲ್ಲಿ ತೆರೆಯಿತು. ಅದಕ್ಕೆ ಅವರದ್ದೇ ಹೆಸರಿಟ್ಟರು. ಅಲ್ಲಿ ಇವತ್ತೂ ರೋಗಿಗಳು ಬಂದು ಹೋಗುತ್ತಿದ್ದಾರೆ.